ಬೆವರದ ಗಾಜು

ಕಪಾಟು ತೆರೆದಿತ್ತು. ಒಳಗೆ ಪಿಟೀಲು ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬೇರೆ ಊರಿನ ಕಾರ್ಯಕ್ರಮ ಮುಗಿಸಿ ಬಂದ ಪಿಟೀಲು ಮೇಡಂ, ಹೆಗಲ ಚೀಲವನ್ನೂ ಇಳಿಸದೆ ಸಂಗೀತದ ಕೋಣೆಯ ಬೀಗ ತೆಗೆದು ಒಳಗೆ ಕಾಲಿಟ್ಟವರು ಹಾಗೇ ಗೋಡೆ ಹಿಡಿದು ನಿಂತರು. ಹೋದದ್ದು ಅಂತಿಂಥ ಪಿಟೀಲಲ್ಲ. ಅವರ ಅಜ್ಜ ನುಡಿಸಿದ್ದು, ಅಮ್ಮ ನುಡಿಸಿದ್ದು. ಹೊರಗೆ ನುಡಿಸಲು ಅವರು ಬೇರೊಂದನ್ನು ಒಯ್ಯುತ್ತಿದ್ದರು. ಇದು ಈ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಪೊಲೀಸರು ಬಂದರು. ಇನ್‌ಸ್ಪೆಕ್ಟರನಿಗೆ ನೆಗಡಿ. ಮೂಗು ಕಟ್ಟಿತ್ತು, ಕಣ್ಣು ಕೆಂಪಾಗಿತ್ತು, ಲಾಠಿ ಇರಬೇಕಾದ ಕೈಯಲ್ಲಿ ಕರವಸ್ತ್ರ ಇತ್ತು. ಗತ್ತಿಗೆ ಮಾತ್ರ ಕಡಿಮೆಯಿರಲಿಲ್ಲ. ಈ ಠಾಣೆಗೆ ಬಂದ ಮೇಲೆ ಒಂದು ಕೇಸೂ ಅವನ ಕೈ ತಪ್ಪಿರಲಿಲ್ಲ. ಅದನ್ನು ಅವನು ಮರೆಯುತ್ತಿರಲಿಲ್ಲ, ಮರೆಯಲು ಬೇರೆಯವರನ್ನು ಬಿಡುತ್ತಲೂ ಇರಲಿಲ್ಲ.

ಕೋಣೆಗೆ ಒಂದು ಸುತ್ತು ಹಾಕಿದ. ಬೀಗದ ಮೇಲೆ ಒಂದು ಗೀರೂ ಇಲ್ಲ. ಪಕ್ಕದ ಗೋಡೆಯಲ್ಲಿ ಜೋಡಿ ಕಿಟಕಿ. ಎರಡೂ ಹೊಸವು, ಎರಡು ಪದರದ ಗಾಜಿನವು. ಚಿಲಕಗಳು ಒಳಗಿನಿಂದ ಭದ್ರವಾಗಿವೆ, ಗಾಜು ಇಡಿಯಾಗಿದೆ. ಮೂಲೆಯಲ್ಲಿ ಸಣ್ಣ ಹೀಟರ್ ಉರಿಯುತ್ತಿತ್ತು. ಅದರ ಪಕ್ಕದಲ್ಲಿದ್ದ, ಗಾಳಿಯ ತೇವ ಹೀರುವ ಯಂತ್ರ ಮಾತ್ರ ಆಫ್ ಆಗಿತ್ತು.

“ಇದನ್ನ ಆರಿಸಿದ್ದು ಯಾರು?”

“ನಾನಲ್ಲ. ಅದನ್ನ ಆರಿಸೋ ಹಾಗೇ ಇಲ್ಲ,” ಎಂದರು ಮೇಡಂ. “ಇಲ್ಲಿಯ ಥಂಡಿಗೆ ಹಳೇ ಮರ ನೀರು ಕುಡಿಯುತ್ತೆ, ಅಂಟು ಬಿಡುತ್ತೆ. ಅದಕ್ಕೇ ಅಲ್ವಾ ಈ ಕಿಟಕಿ ಎಲ್ಲ ಹಾಕಿಸಿದ್ದು. ಕದ್ದವರು ಎಲ್ಲಾದ್ರೂ ಒದ್ದೆ ಜಾಗದಲ್ಲಿ ಇಟ್ಟುಬಿಟ್ಟರೆ…”

“ಕೋಣೆಯ ಕೀ ಯಾರ್ಯಾರ ಹತ್ರ ಇದೆ?”

“ಒಂದು ನನ್ನ ಹತ್ರ. ಒಂದು ಮಹಡಿ ಮೇಲಿರೋ ನನ್ನ ತಮ್ಮನ ಹತ್ರ. ಮತ್ತೆ ಕಿಟಕಿ ಹಾಕಿದ ಹೆಂಗಸಿಗೆ ಒಂದು ಕೊಟ್ಟಿದ್ವಿ. ಕೆಲಸ ಮುಗಿದ ದಿನವೇ ವಾಪಸ್ ಕೊಟ್ಟಳು.”

“ಕೊಡೋ ಮುಂಚೆ ಇನ್ನೊಂದು ಮಾಡಿಸ್ಕೊಂಡಿರ್ತಾಳೆ,” ಎಂದ ಪಕ್ಕದಲ್ಲಿದ್ದ ತಮ್ಮ. “ಅವಳ ಕೆಲಸಾನೂ ಅಷ್ಟರಲ್ಲೇ ಇದೆ. ಬನ್ನಿ ಸಾರ್, ತೋರಿಸ್ತೀನಿ.”

ಹೊರಗೆ ಬೇಲಿಯ ಬದಿಯಲ್ಲಿ ನಿಂತು ಕಿಟಕಿ ತೋರಿಸಿದ. ಎಡಗಿಟಕಿಯ ಗಾಜಿನ ಹೊರಮೈ ಮೇಲೆ ನೀರು ಹನಿಗಟ್ಟಿ ಇಳಿಯುತ್ತಿತ್ತು. “ದಿನಾ ಬೆಳಿಗ್ಗೆ ಹೀಗೆ ಬೆವರುತ್ತೆ. ಇದೇನು ಹೊಸ ಕಿಟಕಿಯ ಲಕ್ಷಣಾನಾ?”

ಬಲಗಿಟಕಿ ಒರೆಸಿದ ತಟ್ಟೆಯಂತೆ ಸ್ವಚ್ಛವಾಗಿತ್ತು. ಇನ್‌ಸ್ಪೆಕ್ಟರ್ ತನ್ನ ಪೇದೆಯ ಕಡೆ ಕಣ್ಣು ಬಿಟ್ಟ. “ಇದನ್ನ ಒರೆಸಿದ್ದು ನೀನೇ ತಾನೇ?”

“ಇಲ್ಲ ಸಾರ್. ನಾನು ಮುಟ್ಟೇ ಇಲ್ಲ.”

ಇನ್‌ಸ್ಪೆಕ್ಟರ್ ನಂಬಲಿಲ್ಲ. ಕಂಡದ್ದನ್ನೆಲ್ಲ ಮುಟ್ಟಿ ನೋಡುವುದು ಪೇದೆಯ ಹುಟ್ಟುಗುಣ.

*

ಎದುರುಮನೆ ತಾತನಿಗೆ ಕೇಳುವವರು ಸಿಕ್ಕಿದ್ದೇ ಸಂತೋಷ.

“ಕಂಡೆ, ಯಾಕೆ ಕಾಣಲ್ಲ? ನಿನ್ನೆ ತಿಂಡಿ ಹೊತ್ತಿನಲ್ಲಿ ಕಿಟಕಿ ಕೆಲಸದವರು ಬಂದಿದ್ರು. ನೀಲಿ ಕೋಟು, ಟೋಪಿ. ಸ್ಟೂಲ್ ಹಾಕ್ಕೊಂಡು ಬಲಗಡೆ ಕಿಟಕೀಲಿ ಏನೋ ರಿಪೇರಿ ಮಾಡ್ತಿದ್ರು.”

“ಗಂಡಸೋ ಹೆಂಗಸೋ?”

ತಾತ ತಮ್ಮ ಕಿಟಕಿಯ ಕಡೆ ಕೈ ತೋರಿಸಿದರು. ಒಂಟಿ ಪದರದ ಹಳೇ ಗಾಜು. ಅಡುಗೆಮನೆಯ ಹಬೆಗೆ ಒಳಗಡೆಯೆಲ್ಲ ಮಸುಕು ಹಿಡಿದಿತ್ತು. ತಾತ ತೋಳಿನಿಂದ ಉಜ್ಜಿದರು. ಮರುಗಳಿಗೆ ಮತ್ತೆ ಮಸುಕಾಯಿತು. “ಇದರಲ್ಲಿ ನೀನೇ ನೋಡಿ ಹೇಳಪ್ಪ,” ಎಂದರು. “ಆದ್ರೆ ಆ ಮನೆಗೆ ಕಿಟಕಿ ಹಾಕಿದ್ದು ಆ ಹೆಂಗಸೇ ಅಲ್ವಾ? ಇನ್ಯಾರು ಬರ್ತಾರೆ?”

ಮತ್ತೆ ಮನೆಗೆ ಬರುವಷ್ಟರಲ್ಲಿ ಗಾಜಿನಂಗಡಿ ಮಾವ ಹಾಜರಿದ್ದರು. ಯಾರಿಗೂ ನೇರ ಸಂಬಂಧವಿಲ್ಲ, ಊರಿಗೆಲ್ಲ ಮಾವ. ಇಲ್ಲಿಯ ಬಹುಪಾಲು ಮನೆಗಳಿಗೆ ಗಾಜು ಹಾಕಿದವರು. ಮೇಡಂ ಮುಂದೆ ಕುರ್ಚಿ ಎಳೆದುಕೊಂಡು ಕೂತು ಸಮಾಧಾನ ಹೇಳುತ್ತಿದ್ದರು.

“ನೀವು ಅನುಭವಸ್ಥರು,” ಎಂದ ಇನ್‌ಸ್ಪೆಕ್ಟರ್. “ಈ ಗಾಜನ್ನ ಹೊರಗಿಂದ ಬಿಡಿಸಬಹುದಾ?”

“ಗಾಜು ಹಿಡಿದಿರೋ ಹೊರಗಿನ ಪಟ್ಟಿ ಎಬ್ಬಿಸಬಹುದು. ಆದ್ರೆ ಗಾಜನ್ನ ಅಂಟು ಹಾಕಿ ಕೂರಿಸಿರ್ತಾರೆ. ಬಿಡಿಸೋಕೆ ಹೋದ್ರೆ ಒಡೆದೇ ಒಡೆಯುತ್ತೆ. ಇಲ್ಲಿ ಗಾಜು ಇಡಿಯಾಗಿದೆ. ಅಂದಮೇಲೆ ಕೀ ಇದ್ದವರೇ ಬಂದಿರಬೇಕು.” ಮಾವ ನಿಟ್ಟುಸಿರು ಬಿಟ್ಟರು. “ನಾನು ಮೊದಲೇ ಬಡ್ಕೊಂಡೆ. ನಾನೇ ಅಳತೆ ತಗೊಂಡು ಹೋಗಿದ್ದೆ, ನಾನೇ ಹಾಕಿಕೊಡ್ತಿದ್ದೆ. ಕಣ್ಣಿಗೇ ಕಾಣದ ಅದೇನೋ ಲೇಪನದ ಗಾಜು ಅಂತ ಆ ಹೆಂಗಸು ತಲೆ ಸವರಿದಳು. ಎಲ್ಲಾ ಬೊಗಳೆ. ಗಾಜು ಅಂದ್ರೆ ಗಾಜು, ಎರಡು ಪದರ ಇದ್ರೆ ಮುಗೀತು.”

*

ಊರೆಲ್ಲ ಕಿಟಕಿ ಅಕ್ಕ ಎನ್ನುತ್ತಿದ್ದ ಆ ಹೆಂಗಸನ್ನು ಠಾಣೆಗೆ ಕರೆಸಿದರು. ನೀಲಿ ಕೋಟಿನಲ್ಲೇ ಬಂದಳು. ಬೆಂಚಿನ ಮೇಲೆ ಕೂರಲಿಲ್ಲ.

“ಶನಿವಾರ ಬೆಳಿಗ್ಗೆ ಎಲ್ಲಿದ್ದೆ?”

“ನನ್ನ ಶೆಡ್‌ನಲ್ಲಿ. ಒಬ್ಬಳೇ. ಸಾಕ್ಷಿಗೆ ಚೌಕಟ್ಟುಗಳಿವೆ, ಬೇಕಾದ್ರೆ ಕರೆಸಿ ಕೇಳಿ.”

“ಬಾಯಿ ಜೋರು.”

“ಬಾಯೊಂದೇ ಉಳಿದಿರೋದು ಸಾರ್.”

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಕಿವಿಗಿಟ್ಟುಕೊಂಡಳು, ಕೇಳಿಸಿಕೊಂಡಳು, “ಆಯ್ತು, ತಂದುಕೊಡ್ತೀನಿ” ಎಂದು ಇಟ್ಟಳು. ಮತ್ತೆ ರಿಂಗಾಯಿತು. ಮತ್ತದೇ ಮಾತು. ಮೂರನೆಯ ಕರೆಯ ಹೊತ್ತಿಗೆ ಅವಳ ದನಿಯ ಜೋರು ಇಳಿದಿತ್ತು.

“ಯಾರದು?”

“ಕೆಲಸ ಒಪ್ಪಿಸಿದವರು. ಎಲ್ಲರಿಗೂ ಅವರವರ ಮನೆ ಕೀ ವಾಪಸ್ ಬೇಕಂತೆ.” ಅವಳು ಸೊಂಟದ ಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. “ನನ್ನ ಕೆಲಸ ಅಂದ್ರೆ ಇದೇ ಸಾರ್. ಜನ ಕೆಲಸಕ್ಕೆ ಹೋಗ್ತಾರೆ, ಕೀ ಕೊಟ್ಟು ಹೋಗ್ತಾರೆ. ಕಳ್ಳಿ ಅನ್ನಿಸ್ಕೊಂಡ ಮೇಲೆ ಯಾರು ಮನೆಯೊಳಗೆ ಬಿಟ್ಕೋತಾರೆ? ನೀವು ನಾಳೆ ಬಿಟ್ಟರೂ ನಾನು ಮುಗಿದೆ.”

ಇನ್‌ಸ್ಪೆಕ್ಟರ್ ಸೀನಿದ. ಅವನಿಗೆ ಸ್ವಲ್ಪ ಮುಜುಗರವಾಯಿತು. ಮಾತು ತಿರುಗಿಸಲೆಂದು ಕೇಳಿದ, “ಮೇಡಂ ಮನೆ ಗಾಜು ಯಾಕೆ ಬೆವರುತ್ತೆ? ತಮ್ಮ ದೂರುತ್ತಿದ್ದ.”

“ಅದನ್ನ ಅವನಿಗೆ ಹೇಳಿ ಹೇಳಿ ನನ್ನ ಗಂಟಲು ಹೋಯ್ತು. ಗಾಜಿನ ಒಳಗಡೆ ನೀರು ಬಂದ್ರೆ ನನ್ನ ಜುಟ್ಟು ಹಿಡೀಲಿ. ಹೊರಗಡೆ ಬಂದ್ರೆ ಗಾಜು ಸರಿಯಾಗಿ ಕೆಲಸ ಮಾಡ್ತಿದೆ ಅಂತ. ಲೇಪನ ಕೋಣೆಯ ಬಿಸಿಯನ್ನ ಒಳಗೇ ತಡೆಯುತ್ತೆ. ಹೊರಗಿನ ಪದರ ತಣ್ಣಗೇ ಉಳಿಯುತ್ತೆ, ಬೆಳಗಿನ ಮಂಜು ಬಂದು ಕೂರುತ್ತೆ. ಲೇಪನ ಇಲ್ಲದ ಗಾಜಿನಿಂದ ಬಿಸಿ ಸೋರಿ ಹೋಗುತ್ತೆ. ಅದು ಬೆವರಲ್ಲ.”

ಇನ್‌ಸ್ಪೆಕ್ಟರನ ಕರವಸ್ತ್ರ ಮೂಗಿನ ಹತ್ತಿರವೇ ನಿಂತಿತು.

*

ಸೋಮವಾರ ಬೆಳಕು ಹರಿಯುವ ಮುಂಚೆಯೇ ಅವನು ಬೇಲಿಯ ಬದಿಯಲ್ಲಿದ್ದ. ಜೊತೆಗೆ ಪೇದೆ. ಯಾರೂ ಏನನ್ನೂ ಮುಟ್ಟಲಿಲ್ಲ. ಎಡಗಿಟಕಿ ಧಾರಾಳವಾಗಿ ಬೆವರಿತ್ತು. ಬಲಗಿಟಕಿ ಒಣಕಲು.

“ನಾನು ಒರೆಸಿಲ್ಲ ಅಂತ ಈಗಲಾದ್ರೂ ನಂಬ್ತೀರಾ ಸಾರ್?” ಎಂದ ಪೇದೆ.

“ನಂಬಿದೆ ಮಾರಾಯ.”

ಒಂದೇ ಕೋಣೆ, ಒಂದೇ ಗೋಡೆ, ಒಂದೇ ಮಂಜು. ಒಂದು ಬೆವರುತ್ತೆ, ಇನ್ನೊಂದಿಲ್ಲ. ಒಂದು ತೊಡಕು ಉಳಿದಿತ್ತು. ತೇವ ಹೀರುವ ಯಂತ್ರ. ಇನ್‌ಸ್ಪೆಕ್ಟರ್ ಮಹಡಿ ಹತ್ತಿ ತಮ್ಮನನ್ನು ಹಾಸಿಗೆಯಿಂದ ಎಬ್ಬಿಸಿದ.

“ಆ ಯಂತ್ರ ಆರಿಸಿದ್ದು ನೀನು.”

ತಮ್ಮ ಬೆಬ್ಬೆಬ್ಬೆ ಎಂದ. ಆಮೇಲೆ ತಲೆ ತಗ್ಗಿಸಿದ. “ರಾತ್ರಿಯೆಲ್ಲ ಗೊರ್ ಅನ್ನುತ್ತೆ ಸಾರ್, ನಿದ್ದೆ ಬರಲ್ಲ. ಅಕ್ಕ ಇಲ್ಲದಾಗ ಆರಿಸಿ ಮಲಗ್ತೀನಿ. ಶನಿವಾರ ರಾತ್ರೀನೂ ಹೋಗಿ ಆರಿಸಿದೆ. ಕಪಾಟಿನ ಕಡೆ ನೋಡಲೇ ಇಲ್ಲ. ಅಕ್ಕನಿಗೆ ಮಾತ್ರ ಹೇಳಬೇಡಿ.”

ಪೇದೆಗೆ ನಗು ತಡೆಯಲಾಗಲಿಲ್ಲ. ಇನ್‌ಸ್ಪೆಕ್ಟರ್ ಅವನ ಕಿವಿಯಲ್ಲಿ ಏನೋ ಹೇಳಿ, ವಾರಂಟ್ ತರಲು ಓಡಿಸಿದ.

*

ಮಧ್ಯಾಹ್ನ ಸಂಗೀತದ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಡಂ, ತಮ್ಮ, ಕಿಟಕಿ ಅಕ್ಕ. ಪರಿಣತರ ಅಭಿಪ್ರಾಯ ಬೇಕು ಎಂದು ಕರೆಸಿದ್ದ ಗಾಜಿನಂಗಡಿ ಮಾವ ಮುಂದಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು.

“ಮೇಡಂ,” ಎಂದ ಇನ್‌ಸ್ಪೆಕ್ಟರ್, “ಈ ಗಾಜು ಆಯ್ಕೆ ಮಾಡುವಾಗ ಈಕೆ ನಿಮಗೆ ಏನೋ ತೋರಿಸಿದ್ದಳಂತೆ.”

“ಹೌದು. ಮೇಣದಬತ್ತಿ ಹಚ್ಚಿ ಗಾಜಿನ ಮುಂದೆ ಹಿಡಿದಿದ್ದಳು.”

“ನೀವೇ ಹಿಡೀರಿ.”

ಪರದೆ ಅರ್ಧ ಎಳೆದರು. ಹೊರಗಿನಿಂದ ಎಡಕ್ಕೆ ಕಾಣುವ, ಬೆವರುವ ಕಿಟಕಿಯ ಮುಂದೆ ಮೇಡಂ ಮೇಣದಬತ್ತಿ ಹಿಡಿದರು. ಗಾಜಿನಲ್ಲಿ ಸಾಲಾಗಿ ನಾಲ್ಕು ಜ್ವಾಲೆ ಕಂಡವು. ಮೂರು ಹಳದಿ. ಒಂದು ಮಾತ್ರ ಬೇರೆ ಬಣ್ಣ, ನಸುನೇರಳೆ.

“ಎರಡು ಪದರದ ಗಾಜಿಗೆ ನಾಲ್ಕು ಮೈ,” ಎಂದ ಇನ್‌ಸ್ಪೆಕ್ಟರ್. “ಲೇಪನ ಇರೋ ಮೈ ಬಣ್ಣ ಬದಲಾಯಿಸಿ ತೋರಿಸುತ್ತೆ. ಈಗ ಬೆವರದ ಕಿಟಕಿ.”

ಮೇಡಂ ಸರಿದು ನಿಂತರು. ನಾಲ್ಕು ಜ್ವಾಲೆ. ನಾಲ್ಕೂ ಹಳದಿ.

ಕಿಟಕಿ ಅಕ್ಕ ಒಂದೇ ಹೆಜ್ಜೆಗೆ ಗಾಜಿನ ಹತ್ತಿರ ಹೋದಳು. “ಇದು ನಾನು ಹಾಕಿದ ಗಾಜಲ್ಲ.”

“ಅಲ್ಲ. ನಿನ್ನ ಗಾಜು ಶನಿವಾರ ಒಡೆಯಿತು. ಕಳ್ಳ ಹೊರಗಿನ ಪಟ್ಟಿ ಎಬ್ಬಿಸಿ, ಗಾಜು ಒಡೆದು ಬಿಡಿಸಿ, ಒಳಗೆ ಇಳಿದು ಪಿಟೀಲು ತಗೊಂಡ. ಚೂರುಗಳನ್ನ ಬಳಿದುಕೊಂಡು ಬಂದ ದಾರಿಯಲ್ಲೇ ಹೊರಗೆ ಹೋಗಿ, ಜೊತೆಗೆ ತಂದಿದ್ದ ಗಾಜನ್ನ ಕೂರಿಸಿದ. ಹಗಲಲ್ಲೇ, ತಮ್ಮ ಕೆಲಸಕ್ಕೆ ಹೋದ ಮೇಲೆ. ಕಿಟಕಿ ಕೆಲಸ ಮಾಡೋನನ್ನ ಯಾರು ಎರಡನೇ ಸಲ ನೋಡ್ತಾರೆ? ಗಾಜು ಇಡಿಯಾಗಿದ್ರೆ ಅನುಮಾನ ಕೀ ಇದ್ದವರ ಮೇಲೆ. ಅವನಿಗೆ ಬೇಕಾಗಿದ್ದೂ ಅದೇ.”

“ಇವಳೇ ಬದಲಾಯಿಸಿರಬಹುದಲ್ಲ,” ಎಂದರು ಮಾವ.

“ಇವಳಾಗಿದ್ರೆ ಲೇಪನದ ಗಾಜನ್ನೇ ತರುತ್ತಿದ್ದಳು ಮಾವ. ಅವಳ ಶೆಡ್ಡಿನಲ್ಲಿ ಅದು ಬೇಕಾದಷ್ಟಿದೆ. ಅದಿಲ್ಲದೆ ಗಾಜು ಬೆವರಲ್ಲ ಅನ್ನೋದೂ ಅವಳಿಗೆ ಗೊತ್ತು. ಈ ಗಾಜು ತಂದೋನು ಲೇಪನ ಅನ್ನೋದನ್ನೇ ನಂಬದೋನು. ಗಾಜು ಅಂದ್ರೆ ಗಾಜು ಅನ್ನೋನು. ಜೊತೆಗೆ ಈ ಕಿಟಕಿಯ ಅಳತೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಅವನ ಹತ್ರ ಇರಬೇಕು. ಇಲ್ಲಿ ಅಳತೆ ತಗೊಂಡವರು ಇಬ್ಬರೇ. ಒಬ್ಬಳು ಇವಳು.”

ಎಲ್ಲರ ಕಣ್ಣೂ ಒಂದೇ ಕುರ್ಚಿಯ ಕಡೆ ತಿರುಗಿದವು. ಮಾವ ಕಾಲು ಕೆಳಗಿಟ್ಟರು.

ಬಾಗಿಲು ತೆರೆಯಿತು. ಪೇದೆ ಕಂಬಳಿಯಲ್ಲಿ ಸುತ್ತಿದ ಪಿಟೀಲನ್ನು ಎರಡೂ ಕೈಯಲ್ಲಿ ಹಿಡಿದು ಬಂದ. “ಅಂಗಡಿ ಹಿಂದಿನ ಗೋದಾಮಿನಲ್ಲಿ ಇತ್ತು ಸಾರ್. ನೀಲಿ ಕೋಟೂ ಸಿಕ್ತು. ರದ್ದಿ ಗಾಜಿನ ರಾಶಿಯಲ್ಲಿ ಒಡೆದ ಚೂರುಗಳೂ ಇವೆ. ಬೆಂಕಿಕಡ್ಡಿ ಗೀರಿ ನೋಡಿದೆ, ನೇರಳೆ ಬಣ್ಣ ಬರುತ್ತೆ.”

ಮಾವನ ಮುಖ ಸುಣ್ಣದಂತಾಯಿತು. “ಮಾರೋಕೆ ತಗೊಂಡಿದ್ದಲ್ಲ,” ಎಂದರು, ಮೇಡಂ ಕಡೆ ನೋಡದೆ. “ಈ ಊರಿನ ಮನೆಗೆಲ್ಲ ಗಾಜು ಹಾಕಿದೋನು ನಾನು. ಇವಳು ಬಂದ ಮೇಲೆ ಒಬ್ಬರೂ ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ನೀವೂ ಹತ್ತಲಿಲ್ಲ. ಇವಳನ್ನ ಮನೆಗಳಿಂದ ದೂರ ಇಟ್ಟರೆ ಸಾಕಾಗಿತ್ತು. ಪಿಟೀಲನ್ನ ಆಮೇಲೆ ಹೇಗಾದ್ರೂ ಮುಟ್ಟಿಸ್ತಿದ್ದೆ.”

“ಒದ್ದೆ ಗೋದಾಮಿನಲ್ಲಿ ಕೊಳೆಸಿ ಮುಟ್ಟಿಸ್ತಿದ್ರಾ?” ಎಂದರು ಮೇಡಂ. ಪಿಟೀಲಿನ ಅಂಚನ್ನೆಲ್ಲ ಬೆರಳಿನಿಂದ ಸವರಿ ನೋಡಿದರು. ಒಂದು ಕಡೆ ಅಂಟು ಉಗುರಿನಷ್ಟು ಬಿಟ್ಟಿತ್ತು. ಉಳಿದದ್ದು ಗಟ್ಟಿಯಾಗಿತ್ತು. ಅವರು ಅದನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟರು.

*

ಮಾವನನ್ನು ಜೀಪಿಗೆ ಹತ್ತಿಸಿದ ಮೇಲೆ ಪೇದೆ ತಲೆ ಕೆರೆದುಕೊಂಡ. “ಸಾರ್, ಬಲಗಿಟಕಿಯ ಹತ್ರ ಭಾನುವಾರವೇ ಹುಳಿ ವಾಸನೆ ಬರ್ತಿತ್ತು. ಹೊಸ ಅಂಟು ಹಾಕಿದ್ರೆ ಹಾಗೇ ವಾಸನೆ ಬರುತ್ತಂತೆ, ಅಕ್ಕ ಹೇಳಿದ್ಲು.”

“ಭಾನುವಾರವೇ ಯಾಕಯ್ಯ ಬೊಗಳಲಿಲ್ಲ?”

“ನಿಮಗೂ ಬಂದಿರುತ್ತೆ ಅಂದ್ಕೊಂಡೆ ಸಾರ್.”

ಇನ್‌ಸ್ಪೆಕ್ಟರ್ ಕರವಸ್ತ್ರವನ್ನು ಜೇಬಿಗೆ ತುರುಕಿದ. ಈ ಮಾತು ಠಾಣೆ ಮುಟ್ಟಕೂಡದು ಎಂದು ಕಣ್ಣಲ್ಲೇ ಹೇಳಿದ.

ಜಗುಲಿಯಲ್ಲಿ ಕಿಟಕಿ ಅಕ್ಕ ಹೊರಡಲು ನಿಂತಿದ್ದಳು. ಸೊಂಟದಲ್ಲಿ ಗೊಂಚಲಿನ ಬಳೆ ಖಾಲಿ ನೇತಾಡುತ್ತಿತ್ತು. ಠಾಣೆಯಿಂದ ಗೊಂಚಲು ವಾಪಸ್ ಪಡೆದು ಬೆಳಿಗ್ಗೆಯೇ ಮನೆಮನೆಗೂ ಹೋಗಿ ಕೀ ಒಪ್ಪಿಸಿ ಬಂದಿದ್ದಳು.

ಮೇಡಂ ಹಿಂದೆಯೇ ಬಂದರು. “ಬಲಗಿಟಕಿಗೆ ನಿನ್ನ ಗಾಜು ಯಾವಾಗ ಹಾಕ್ತೀಯ?”

“ನೀವು ಮನೇಲಿದ್ದಾಗ ಬರ್ತೀನಿ ಮೇಡಂ. ಎದುರಿಗೇ ಕೂತ್ಕೊಳ್ಳಿ. ಅದೇ ವಾಸಿ.”

“ನಾನು ಇರಲ್ಲ. ನಾಳೆ ಮತ್ತೆ ಕಾರ್ಯಕ್ರಮಕ್ಕೆ ಬೇರೆ ಊರಿಗೆ ಹೋಗ್ತಿದ್ದೀನಿ, ತಮ್ಮನೂ ಕೆಲಸಕ್ಕೆ ಹೋಗ್ತಾನೆ.” ಮೇಡಂ ಸಂಗೀತದ ಕೋಣೆಯ ಕೀಯನ್ನು ಅವಳ ಖಾಲಿ ಬಳೆಗೆ ತಾವೇ ಸಿಕ್ಕಿಸಿದರು. “ಪಿಟೀಲು ಕಪಾಟಿನಲ್ಲೇ ಇರುತ್ತೆ. ಹೋಗುವಾಗ ಆ ಯಂತ್ರ ಓಡ್ತಿದೆಯಾ ಅಂತ ಒಂದು ಸಲ ನೋಡಿಬಿಡು.”

ಮಹಡಿ ಮೆಟ್ಟಿಲ ಮೇಲಿದ್ದ ತಮ್ಮ ಸದ್ದಿಲ್ಲದೆ ಒಳಗೆ ಸರಿದ.