ಕಮಲಾಬಾಯಿಯ ಮೆಟ್ಟಿಲು

ಕಥೆ ಹೇಳುತ್ತೇನೆ, ಕೇಳಿ. ಒಂದೂರಲ್ಲಿ ಒಂದು ಹೊಳೆ ಇತ್ತಂತೆ. ಅದಕ್ಕೊಮ್ಮೆ ಹೊಸ ಸೀರೆ ಉಡುವ ಆಸೆಯಾಯಿತಂತೆ. ಯಾವ ಬಣ್ಣದ್ದೆಂದು ತಿಳಿಯದೆ ದಂಡೆಯ ಮೇಲಿದ್ದ ಹುಡುಗಿಯನ್ನು ಕರೆದು, ‘ನನ್ನ ನೀರು ಮುಟ್ಟುವವರನ್ನೆಲ್ಲ ಕೇಳಿಕೊಂಡು ಬಾ’ ಎಂದಿತಂತೆ. ಹುಡುಗಿ ಹೂಂ ಅಂದಳು. ಹನ್ನೊಂದು ಜನರನ್ನು ಕೇಳುವಷ್ಟರಲ್ಲಿ ಅವಳ ಕಾಲು ಸೋತವು. ನೆರಳಲ್ಲಿ ಕೂತು, ಉಳಿದವರ ಬಣ್ಣಗಳನ್ನೆಲ್ಲ ತಾನೇ ಹೇಳಿಬಿಟ್ಟಳು. ಬಲು ಚಂದದ ಬಣ್ಣಗಳು. ಹೊಳೆ ನಂಬಿತು.

ಆ ಹುಡುಗಿ ನಾನೇ, ವಿಭಾ. ಹೊಳೆ ಗೋದಾವರಿ. ಸೀರೆ ಎಂದದ್ದು ನಾಶಿಕ್‌ನ ಸ್ನಾನಘಟ್ಟಕ್ಕೆ, ಅಲ್ಲಿಯವರ ಮಾತಲ್ಲಿ ಘಾಟಿಗೆ, ಬರಲಿದ್ದ ಹೊಸ ವಿನ್ಯಾಸವನ್ನು.

ಆ ವಿನ್ಯಾಸ ಮಾಡುತ್ತಿದ್ದ ಆಫೀಸಿನಲ್ಲಿ ನಾನು ಮೂರು ತಿಂಗಳ ಇಂಟರ್ನ್. ಅಪ್ಪನ ಬ್ಯಾಂಕ್ ಟ್ರಾನ್ಸ್‌ಫರ್‌ಗಳ ಹಿಂದೆ ವಿಜಯಪುರದಿಂದ ಹೊರಟ ನಮ್ಮ ಮನೆ ಈಗ ಛತ್ರಪತಿ ಸಂಭಾಜಿನಗರದಲ್ಲಿತ್ತು; ನಾನು ನಾಶಿಕ್‌ನ ಪಿಜಿಯಲ್ಲಿದ್ದೆ. ಕೆಲಸ ಸುಲಭದ್ದು. ಘಾಟಿಗೆ ಹೋಗಿ ಎಂಬತ್ತು ಜನರನ್ನು ‘ಇಲ್ಲಿ ನಿಮಗೆ ಏನು ಬೇಕು’ ಎಂದು ಕೇಳಿ, ಹೇಳಿದ್ದನ್ನು ಫಾರ್ಮಿನಲ್ಲಿ ಮರಾಠಿಯಲ್ಲೇ ಬರೆಯುವುದು. ಅದನ್ನು ನೋಡಿ ಆಫೀಸು ನಕ್ಷೆ ತಿದ್ದುತ್ತಿತ್ತು.

ಮಾರ್ಚ್ ಬಿಸಿಲು. ಹನ್ನೊಂದು ಜನ ಉತ್ತರ ಕೊಟ್ಟರು. ಹನ್ನೆರಡನೆಯವಳು ತರಕಾರಿ ಮಾರುವ ಹೆಂಗಸು. ನನ್ನ ಮುಖವನ್ನೂ ನೋಡದೆ, ಹೋದ ಸಲ ಬಂದವರೂ ಹೀಗೇ ಬರೆದುಕೊಂಡು ಹೋದರು ಎನ್ನುತ್ತ ಮೆಂತ್ಯ ಸೊಪ್ಪಿಗೆ ನೀರು ಚಿಮುಕಿಸಿದಳು. ಅಷ್ಟಕ್ಕೇ ನನ್ನ ಧೈರ್ಯ ಕರಗಿತು. ಎರಡು ಗಲ್ಲಿ ಮೇಲಿದ್ದ ಉಡುಪಿ ಹೋಟೆಲಿನ ಕಿಟಕಿ ಪಕ್ಕ ಕೂತು, ಕಾಫಿ ತರಿಸಿಕೊಂಡು, ಒಂದೇ ಒಂದು ಫಾರ್ಮ್ ನಾನೇ ಬರೆದು ನೋಡೋಣವೆಂದುಕೊಂಡೆ. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಕಣ್ಣು ತುಂಬಿತು.

ಮೂರು ದಿನದಲ್ಲಿ ಅರವತ್ತೊಂಬತ್ತು ಜನ ನನ್ನ ಪೆನ್ನಿನಿಂದ ಹುಟ್ಟಿದರು. ಒಬ್ಬನಿಗೆ ನೀರಿನಂಚಿಗೆ ದೀಪದ ಸಾಲು ಬೇಕಿತ್ತು. ಇನ್ನೊಬ್ಬಳಿಗೆ ಬೆಳದಿಂಗಳು ಬೀಳುವ ಬೆಂಚು.

ಕೊನೆಯ ಫಾರ್ಮ್ ಮುಗಿಸುವಾಗ ಎದುರಿನ ಕುರ್ಚಿ ಎಳೆದುಕೊಂಡು ಕೂತವನು ಸುಜಿತ್. ನಮ್ಮ ಆಫೀಸಿನಲ್ಲಿ ಮೆಟ್ಟಿಲುಗಳ ನಕ್ಷೆ ಬರೆಯುವವನು. ಗಲ್ಲಾದ ಮೇಲೆ ಕೂತಿದ್ದ ಹೋಟೆಲಿನ ಮಾಲೀಕ ಹರಿದಾಸರು ಅವನ ಅಪ್ಪ ಎಂದು ಅವತ್ತೇ ತಿಳಿದದ್ದು. ನನ್ನ ಮುಂದಿನ ಕಟ್ಟು ನೋಡಿ ಅವನ ಹುಬ್ಬು ಮೇಲೇರಿತು.

“ಎಂಬತ್ತೂ ಆಯ್ತಾ? ನಾನು ಹೋದ್ರೆ ಜನ ಮಾತೇ ಆಡುದಿಲ್ಲ ಮಾರಾಯ್ರೆ. ನೀವು ಎಂತ ಮಾಡ್ತೀರಿ?”

“ಏನಿಲ್ರಿ,” ಅಂದೆ. “ಸುಮ್ನ ಕೂತು ಕೇಳತೀನಿ.”

ಅವನಿಗೆ ನಾನು ಹೇಳಿದ ಮೊದಲ ಮಾತು ಅದು. ಮೊದಲ ಸುಳ್ಳೂ ಅದೇ.

ನಲವತ್ತೇಳನೆಯ ಫಾರ್ಮ್ ಅವನನ್ನು ಹಿಡಿದುಕೊಂಡಿತು. ‘ಕಮಲಾಬಾಯಿ, ವಯಸ್ಸು ಅರವತ್ತೆಂಟು, ಹೂಬತ್ತಿ ಮಾರುವವರು. ಯಾರೂ ಏಳು ಎನ್ನದ ಒಂದು ಮೆಟ್ಟಿಲು ಬೇಕು. ಪಕ್ಕದಲ್ಲಿ ನನ್ನವರು ಕೂರುತ್ತಿದ್ದ ಜಾಗ ಖಾಲಿ ಇರಬೇಕು.’ ಅದನ್ನು ಅವನು ತನ್ನ ಕಂಪ್ಯೂಟರಿನ ಅಂಚಿಗೆ ಅಂಟಿಸಿಕೊಂಡ. ಕಮಲಾಬಾಯಿಗೆಂದೇ ಅಗಲವಾದ, ಎತ್ತರ ಕಡಿಮೆಯ ಒಂದು ಮೆಟ್ಟಿಲು ಬರೆದ.

ಆಮೇಲೆ ದಿನಾ ಸಂಜೆ ಅದೇ ಕಿಟಕಿ, ಅದೇ ಎರಡು ಕಾಫಿ. ನನ್ನ ‘ಹೌದಲ್ರಿ’ಯನ್ನು ಅವನು ಅಣಕಿಸುವುದು, ಅವನ ‘ಎಂತದು’ ಕೇಳಿ ನಾನು ನಗುವುದು. ನಡುವೆ ಕನ್ನಡ ಸಾಲದಾದಾಗ ಇಬ್ಬರೂ ಮರಾಠಿಗೆ ಹಾರುವುದು. ಗೆರೆ ನೆಟ್ಟಗಿದೆಯೇ ಎಂದು ಒಂದು ಕಣ್ಣು ಕಿರಿದಾಗಿಸಿ ನೋಡುವ ಅಭ್ಯಾಸ ಅವನದು. ನನ್ನನ್ನು ಮಾತ್ರ ಎರಡೂ ಕಣ್ಣು ಬಿಟ್ಟು ನೋಡುತ್ತಿದ್ದ. ನಾನು ಕಾಫಿಲೋಟದೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ನಾಚಿಕೊಂಡಳೆಂದು ಅವನು ತಿಳಿದ. ನಾಚಿಕೆಯೇ, ಆದರೆ ಅವನು ತಿಳಿದದ್ದಲ್ಲ.

ಒಂದು ಸಂಜೆ ನಕ್ಷೆ ಬಿಡಿಸಿ ತೋರಿಸಿದ. ಕಮಲಾಬಾಯಿಯ ಮೆಟ್ಟಿಲು ಬಂದದ್ದು ಬಟ್ಟೆ ಒಗೆಯುವ ಕಲ್ಲುಗಳಿದ್ದ ಕಡೆ. ಕಲ್ಲುಗಳೆಲ್ಲಿ ಎಂದು ಕೇಳಿದೆ. ಎಂಬತ್ತು ಜನರಲ್ಲಿ ಒಬ್ಬರೂ ಕಲ್ಲು ಬೇಕು ಅಂದಿಲ್ಲವಲ್ಲ, ತೆಗೆದೆವು ಎಂದ. ಕಲ್ಲುಗಳಿದ್ದ ಜಾಗದ ಮೇಲೆ ನನ್ನ ಬೆರಳು ಹಾಗೇ ಉಳಿಯಿತು.

ನಕ್ಷೆಯನ್ನು ಜನರ ಮುಂದಿಡುವ ಸಭೆಗೆ ಹದಿನೈದು ದಿನ ಉಳಿದಿತ್ತು. ಅವತ್ತು ಮೊದಲ ಸಾಲಿನಲ್ಲಿ ಕಮಲಾಬಾಯಿ ಕೂರಬೇಕೆಂದು ಅವನ ಆಸೆ. ಅವರಿಗಾಗಿ ಬಾಳೆಹಣ್ಣಿನ ಬನ್ಸ್ ಮಾಡಿ ಕೊಡುತ್ತೇನೆಂದು ಅವನ ಅಮ್ಮ ಆಗಲೇ ಹೇಳಿದ್ದರಂತೆ.

“ಕರ್ಕೊಂಡು ಬರ್ತೀರಲ್ಲ?”

ಟೇಬಲ್ಲಿನ ಮೇಲೆ ಅವನ ಬೆರಳು ನನ್ನ ಬೆರಳಿಗೆ ಅಕ್ಕಿಕಾಳಿನಷ್ಟು ದೂರದಲ್ಲಿತ್ತು.

“ಬರತೀನ್ರಿ,” ಅಂದೆ.

ಮರುದಿನ ಜ್ವರವೆಂದು ಹೇಳಿ ಸಂಭಾಜಿನಗರದ ಬಸ್ಸು ಹತ್ತಿದೆ. ಅವನ ಮೆಸೇಜುಗಳು ಹಿಂದೆಯೇ ಬಂದವು. ‘ಜ್ವರ ಇಳಿಯಿತಾ?’ ಆಮೇಲೆ, ‘ಕಮಲಾಬಾಯಿಗೆ ಮೊಣಕಾಲು ನೋವಿರಬಹುದು ಅಲ್ವಾ, ಎತ್ತರ ಇನ್ನೂ ಒಂದು ಇಂಚು ಇಳಿಸಿದೆ.’ ಇಲ್ಲದ ಮೊಣಕಾಲಿಗೆ ಅವನು ಅಲ್ಲಿ ಮೆಟ್ಟಿಲು ಇಳಿಸುತ್ತಿದ್ದ. ನಾನು ಇಲ್ಲಿ ಫೋನನ್ನು ದಿಂಬಿನ ಕೆಳಗೆ ತುರುಕುತ್ತಿದ್ದೆ.

ನಮ್ಮ ಫ್ಲ್ಯಾಟು ವಿಮಾನ ನಿಲ್ದಾಣವಿರುವ ಚಿಕಲಠಾಣಾ ಕಡೆಯದು. ವಿಮಾನ ಹೋದಾಗ ಮಾತು ನಿಲ್ಲಿಸಿ ಕಾಯಬೇಕು. ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಪಕ್ಕ ಕೂತು ಎಲ್ಲ ಹೇಳಿದೆ. ನನಗೆ ಕಥೆ ಕಟ್ಟುವ ಹುಚ್ಚು ಹಿಡಿಸಿದವಳೇ ಅವಳು. ನಕ್ಕು ತಲೆ ಸವರುತ್ತಾಳೆ ಎಂದುಕೊಂಡಿದ್ದೆ. ವಿಮಾನವೊಂದು ದಾಟುವವರೆಗೆ ಅವಳು ಕಾದಳು.

“ನಾ ಕಥಿ ಹೇಳೂಕಿಂತ ಮೊದಲ ಏನಂತಿದ್ದೆ?”

“ಕಥಿ ಹೇಳತೀನಿ, ಕೇಳ್ರಿ ಅಂತ.”

“ನೀ ಹಂಗ ಹೇಳಿ ಬರದಿಯೇನು?”

ಇಲ್ಲವೆಂದು ತಲೆಯಾಡಿಸಿ ಒಂದು ಅವರೆಕಾಯಿ ಕೈಗೆತ್ತಿಕೊಂಡೆ.

“ಹೇಳಿಲ್ಲ ಅಂದಮ್ಯಾಲ ಅದು ಕಥಿ ಅಲ್ಲವ್ವಾ. ಅರವತ್ತೊಂಬತ್ತು ಮಂದಿ ಬಾಯಿ ಮುಚ್ಚಿ ನೀ ಮಾತಾಡಿದಂಗ.” ಸಿಪ್ಪೆಯ ಪೇಪರು ಮಡಚಿ ನನ್ನ ಕೈಗಿತ್ತಳು. “ಇದನ್ನ ಚೆಲ್ಲಿ ಬಾ. ಆಮ್ಯಾಲ ಬ್ಯಾಗ್ ತುಂಬಕೋ.”

ಮರುದಿನ ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ, ಅದೇ ಕಿಟಕಿಯ ಪಕ್ಕ ಸುಜಿತ್‌ಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

“ಕಮಲಾಬಾಯಿನೂ?”

“ಇಲ್ರಿ. ಅಂಥಾಕಿ ಯಾರೂ ಇಲ್ಲ.”

ಅವನು ಮೆಲ್ಲಗೆ ಹೇಳಿದ. “ಆ ಫಾರ್ಮ್ ಅಂಟಿಸಿದ್ದು ಚಂದ ಉಂಟು ಅಂತ ಅಲ್ಲ. ಒಂದು ಅಜ್ಜಿ ಅಷ್ಟು ಹೇಳ್ಬೇಕಾದ್ರೆ ಈ ಹುಡುಗಿ ಎಷ್ಟು ಹೊತ್ತು ಪಕ್ಕದಲ್ಲಿ ಕೂತಿರ್ಬೇಕು ಅಂತ. ನನಗೆ ಇಷ್ಟ ಆದದ್ದು ಅದು.”

ನನ್ನಲ್ಲಿ ಅವನು ಮೆಚ್ಚಿದ್ದು ನನ್ನಲ್ಲಿ ಇಲ್ಲದ್ದನ್ನೇ.

“ಅರವತ್ತೊಂಬತ್ತೂ ಖರೇ ಬರಕೊಂಡು ಬರತೀನಿ,” ಅಂದೆ. ಅವನು ಕಾಫಿಲೋಟ ಎತ್ತಿಕೊಂಡ. ಎದ್ದು ಗಲ್ಲಾದ ಕಡೆ ಹೋದ.

ಆಫೀಸಿನ ಮೇಡಂಗೂ ನಾನೇ ಹೇಳಿದೆ. ಇಂಟರ್ನ್‌ಶಿಪ್ ಅವತ್ತೇ ಮುಗಿಯಿತು, ನನ್ನ ಸುಳ್ಳು ಫಾರ್ಮುಗಳು ರದ್ದಾದವು. ಆದರೆ ಸಾರ್ವಜನಿಕರು ಲಿಖಿತ ಸಲಹೆ ಕೊಡುವ ಕೌಂಟರು ಶನಿವಾರ ಐದರವರೆಗೆ ತೆರೆದಿತ್ತು. ಯಾರು ತಂದರೂ ತೆಗೆದುಕೊಳ್ಳುತ್ತಿದ್ದರು. ನನ್ನ ಕೈಲಿ ಆರು ದಿನ.

ಮೊದಲು ಹೋದದ್ದು ಆ ತರಕಾರಿಯವಳ ಹತ್ತಿರ. ಪೆನ್ನು ತೆಗೆಯದೆ ಪಕ್ಕದಲ್ಲಿ ಕೂತೆ. ಬಿಸಿಲು ಸರಿದಂತೆಲ್ಲ ಬುಟ್ಟಿ ಸರಿಸಲು ಕೈಜೋಡಿಸಿದೆ. ಒಂದು ತಾಸಿನ ಮೇಲೆ ಅವಳೇ ಬಾಯಿಬಿಟ್ಟಳು. ಬುಟ್ಟಿಗಳ ಮೇಲೆ ನೆರಳು ಬೇಕು, ಒಂದು ನಲ್ಲಿ ಬೇಕು, ಅಷ್ಟೇ. ಸಿನ್ನರ್‌ನ ಕಾರ್ಖಾನೆಯಿಂದ ವಾರದ ರಜೆಗೆ ಬರುವವನು ಅಂಗಿ ತೂಗುಹಾಕಲು ಒಂದು ಗೂಟ ಕೇಳಿದ. ಸಟಾಣಾದಿಂದ ಅಮ್ಮನ ಅಸ್ಥಿ ಬಿಡಲು ಬಂದವನು, ಬಿಟ್ಟಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಜಾಗ ಕೇಳಿದ.

ಘಾಟಿನಲ್ಲಿ ಮೂವರು ಕಮಲಾಬಾಯಿಯರು ಸಿಕ್ಕರು. ಒಬ್ಬಳೂ ಬತ್ತಿ ಮಾರುವವಳಲ್ಲ. ಅವರಲ್ಲಿ ಹಿರಿಯಳು ಬಟ್ಟೆ ಒಗೆದು, ಸೊಸೆ ಹಿಡಿದ ಟವೆಲ್ಲಿನ ಮರೆಯಲ್ಲಿ ಒದ್ದೆ ಸೀರೆ ಬದಲಿಸುತ್ತಿದ್ದಳು. ಏನು ಬೇಕೆಂದು ಕೇಳಿದರೆ ಟವೆಲ್ಲಿನತ್ತ ಗದ್ದ ತೋರಿಸಿ, ಕಲ್ಲಿನ ಹತ್ತಿರವೇ ಒಂದು ಕೋಣೆ, ಒಳಗಿನಿಂದ ಹಾಕುವ ಚಿಲಕ ಎಂದಳು. ಆಮೇಲೆ ಇಪ್ಪತ್ತಮೂರು ಹೆಂಗಸರು ಅದೇ ಚಿಲಕ ಕೇಳಿದರು. ನಾನು ಹುಟ್ಟಿಸಿದ ಅರವತ್ತೊಂಬತ್ತು ಜನರಲ್ಲಿ ಒಬ್ಬಳ ಸೀರೆಯೂ ಒದ್ದೆಯಾಗಿರಲಿಲ್ಲ.

ಮೂರನೆಯ ದಿನ ಸುಜಿತ್ ಟೇಪು ಹಿಡಿದು ಬಂದು ಒಗೆಯುವ ಕಲ್ಲುಗಳನ್ನು ಅಳೆದ. ನನ್ನ ಕಡೆ ತಿರುಗಲಿಲ್ಲ. ನಾಲ್ಕನೆಯ ದಿನ ನಿಂತೇ, ಎಷ್ಟಾಯಿತೆಂದು ಕೇಳಿದ. ನಲವತ್ತೆರಡು ಅಂದೆ, ಮೂವರು ಕಮಲಾಬಾಯಿಯರ ಸುದ್ದಿಯನ್ನೂ ಹೇಳಿದೆ. ಅವನ ತುಟಿ ಒಂದಿಷ್ಟು ಅಲುಗಿದ ಹಾಗೆ ಕಂಡಿತು.

ಐದನೆಯ ದಿನ ನನ್ನ ಬ್ಯಾಗಿನ ಪಕ್ಕ ಒಂದು ಪೊಟ್ಟಣ ಇಟ್ಟ. ಬನ್ಸ್, ಇನ್ನೂ ಬಿಸಿ.

“ಮೂರೇ ಉಂಟು. ಮೂರು ಕಮಲಾಬಾಯಿಗೆ. ನಿಮಗಿಲ್ಲ.”

ಕೊಟ್ಟು ಬಂದೆ. ಹಿರಿಯ ಕಮಲಾಬಾಯಿ ತನ್ನದರಲ್ಲಿ ಅರ್ಧ ಮುರಿದು ನನಗೇ ತಿನ್ನಿಸಿದಳು. ಅವನು ಮೇಲಿನ ಮೆಟ್ಟಿಲಿನಿಂದ ನೋಡುತ್ತಿದ್ದ, ಎರಡೂ ಕಣ್ಣು ಬಿಟ್ಟು.

ಶನಿವಾರ ನಾಲ್ಕೂವರೆಗೆ ಅರವತ್ತೆಂಟು. ಕೌಂಟರು ಸೇತುವೆಯಾಚೆ. ಇನ್ನೊಬ್ಬರಿಗಾಗಿ ನಾನು ಸುತ್ತ ನೋಡುತ್ತಿರುವಾಗ ಸುಜಿತ್ ಇಳಿದುಬಂದು ನನ್ನ ಪಕ್ಕ ಕೂತ.

“ನಾನೂ ಈ ಊರಿನವನೇ. ನನ್ನನ್ನು ಯಾರೂ ಕೇಳಲಿಲ್ಲ.”

ಹೆಸರು ಬರೆದೆ, ವಯಸ್ಸು ಬರೆದೆ. ಘಾಟಿನಲ್ಲಿ ನಿಮಗೆ ಏನು ಬೇಕೆಂದು, ಎಲ್ಲರನ್ನೂ ಕೇಳಿದ ಹಾಗೆಯೇ, ಅವನನ್ನೂ ಕೇಳಿದೆ. ಅವನು ನೀರು ನೋಡುತ್ತ ಯೋಚಿಸಿದ. ನಾನು ಕಾದೆ. ಈಗ ನನಗೆ ಕಾಯುವುದು ಬರುತ್ತಿತ್ತು.

“ಒಗೆಯುವ ಕಲ್ಲು ಇದ್ದಲ್ಲೇ ಇರ್ಲಿ. ಅದರ ಆಚೆ ಒಂದು ಮೆಟ್ಟಿಲು, ಇಬ್ಬರು ಕೂರುವಷ್ಟು.”

“ಇಬ್ಬರು ಯಾರ್ಯಾರು ಅಂತ ಬರೀಲ್ರಿ?”

“ಒಬ್ಬ ನಾನು. ಇನ್ನೊಬ್ರು ನನಗೆ ಸುಳ್ಳು ಹೇಳಿ, ವಾಪಸ್ ಬಂದು, ಆರು ದಿನ ಬಿಸಿಲಲ್ಲಿ ಕಪ್ಪಾದವರು.”

ಪೆನ್ನು ನಿಂತಿತು.

“ಹೇಳಿದ ಹಾಗೇ ಬರೀರಿ,” ಎಂದ. “ಚಂದ ಮಾಡ್ಬೇಡಿ.”

ಹಾಗೇ ಬರೆದೆ. ‘ಸುಳ್ಳು’ ಎಂಬಲ್ಲಿ ಅಕ್ಷರ ಸೊಟ್ಟಗಾಯಿತು, ತಿದ್ದಲಿಲ್ಲ. ಓದಿ ಹೇಳಿದೆ. ಅವನು ಸಹಿ ಹಾಕಿ ಪೆನ್ನು ವಾಪಸು ಕೊಡುವಾಗ, ಅಕ್ಕಿಕಾಳಿನಷ್ಟು ಉಳಿದಿದ್ದ ದೂರವೂ ಮುಗಿಯಿತು.

ಸೇತುವೆಯನ್ನು ಇಬ್ಬರೂ ಓಡುತ್ತಲೇ ದಾಟಿದೆವು. ಕೌಂಟರಿನಲ್ಲಿದ್ದ ಹೆಂಗಸು ಒಂದೊಂದೇ ಎಣಿಸಿ ಸೀಲು ಒತ್ತತೊಡಗಿದಳು. ಕೊನೆಯದನ್ನು ಮಾತ್ರ ಪೂರ್ತಿ ಓದಿದಳು. ಕನ್ನಡಕದ ಮೇಲಿಂದ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಇದೆಲ್ಲ ಜನರೇ ಹೇಳಿದ್ದಾ ಎಂದು ಮರಾಠಿಯಲ್ಲಿ ಕೇಳಿದಳು.

ಹೌದು, ಅಂದೆ. ತಲೆ ತಗ್ಗಿಸದೆ ಅಂದೆ.

ಅರವತ್ತೊಂಬತ್ತನೆಯದರ ಮೇಲೆ ಸೀಲು ಬಿತ್ತು.