ಯಾರಿಗೂ ತಾಗದ ಕುರ್ಚಿ

ಧಾರವಾಡದ ನ್ಯಾಯಾಲಯದ ಮೊಗಸಾಲೆಯಲ್ಲಿ ವಕೀಲೆ ಸುಲೋಚನಾ ಬೆಟಗೇರಿಯವರ ವಿದ್ಯುತ್ ಗಾಲಿಕುರ್ಚಿ ನಿಂತುಬಿಟ್ಟಿತ್ತು. ಅದು ಕೆಟ್ಟಿರಲಿಲ್ಲ, ತನ್ನ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡುತ್ತಿತ್ತು.

ಕುರ್ಚಿಗೆ ಅಳವಡಿಸಿದ್ದ ‘ತಡೆಗಣ್ಣು’ ಎಂಬ ಸಾಧನ, ಸುತ್ತಲಿನವರ ಮುಂದಿನ ಹೆಜ್ಜೆಯನ್ನು ಮೊದಲೇ ಊಹಿಸಿ, ಯಾರಿಗಾದರೂ ತಾಗುವ ಸಂಭವವಿದ್ದರೆ ಗಾಲಿಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ಅದು ಬಂದ ಮೇಲೆ ಗಾಲಿಕುರ್ಚಿ ಓಡಿಸುವ ತರಬೇತಿಯನ್ನೇ ಎಲ್ಲೆಡೆ ಕೈಬಿಡಲಾಯಿತು. ಜನರೂ ವಿಷಯವನ್ನು ಬೇಗ ಅರಿತರು. ಹೇಗೂ ನಿಲ್ಲುವ ಕುರ್ಚಿಗೆ ದಾರಿ ಬಿಡುವಷ್ಟು ದಡ್ಡರು ಯಾರೂ ಇರಲಿಲ್ಲ. ಕಕ್ಷಿದಾರರು, ಗುಮಾಸ್ತರು, ಚಹಾದವನು, ಎಲ್ಲರೂ ಸುಲೋಚನಾರ ಮೊಣಕಾಲ ಮುಂದೆಯೇ ನುಸುಳಿದರು.

“ಸರೀರಿ!” ಎಂದು ಕೂಗಿದರೆ ಒಬ್ಬ ನಕ್ಕ. “ಅದು ಹಾಯೂದಿಲ್ಲ ಬಿಡ್ರಿ.”

ಅವರು ಒಳಗೆ ತಲುಪುವಷ್ಟರಲ್ಲಿ, ವಕೀಲರು ಹಾಜರಿಲ್ಲವೆಂದು ಅವರ ಕಕ್ಷಿದಾರಳಾದ ರುದ್ರವ್ವನ ಮನೆಯ ದಾವೆ ವಜಾ ಆಗಿತ್ತು.

“ಬಾಗಲದಾಗ ನಿಮ್ಮ ದನಿ ಕೇಳಸ್ತಿತ್ತರಿ,” ಎಂದಳು ಆ ಮುದುಕಿ. “ನೀವ ಬರಲಿಲ್ಲ.”

ಮರುದಿನ ಸುಲೋಚನಾ ತಡೆಗಣ್ಣಿನ ಜನಕ ಡಾ. ಶ್ರೀನಿಧಿ ಗಲಗಲಿಯವರ ಪ್ರಯೋಗಾಲಯಕ್ಕೆ ಹೋದರು.

“ಇಲ್ಲೀತನಕಾ ಒಂದೂ ಅಪಘಾತ ಇಲ್ಲ,” ಎಂದರು ವಿಜ್ಞಾನಿ, ಪರದೆಯಿಂದ ಕಣ್ಣು ಕೀಳದೆ. “ನಿಮ್ಮ ಕೈಗೆ ಬಿಟ್ರ ಏನಾಗ್ತದ ಗೊತ್ತದ ಏನ್ರಿ? ಈ ಯಂತ್ರದಾಗ ಇರೋ ದೋಷ ಅಂದ್ರ ಕೂತ ಮನುಷ್ಯಾ.”

“ನಿಮ್ಮ ಕಪಾಟೂ ಅಪಘಾತ ಮಾಡಿಲ್ರಿ. ನೀವ ಒಮ್ಮೆ ಇದರಾಗ ಕೂತು ಮಾರ್ಕೆಟ್ ದಾಟಿ ತೋರಸ್ರಿ.”

ಗಲಗಲಿ ಕನಿಕರದಿಂದ ನಕ್ಕು ಒಪ್ಪಿಕೊಂಡರು. ಮಾರುಕಟ್ಟೆಯಲ್ಲಿ ತಡೆಗಣ್ಣಿದ್ದ ಇನ್ನೊಂದು ಕುರ್ಚಿಯೇರಿ ಹೊರಟವರು ಬಾಳೆಹಣ್ಣಿನ ಗಾಡಿಗೂ ಸ್ಕೂಟರಿಗೂ ನಡುವೆ ಸಿಕ್ಕಿಕೊಂಡರು. ಯಾರೂ ಅವರ ಮುಖ ನೋಡಲಿಲ್ಲ. ಚೌಕಾಸಿಗೆ ಕೈ ಖಾಲಿಯಿರಲೆಂದು ಹೆಂಗಸೊಬ್ಬಳು ತನ್ನ ಚೀಲವನ್ನು ಅವರ ತೊಡೆಯ ಮೇಲಿಟ್ಟು, ವ್ಯಾಪಾರ ಮುಗಿದ ಮೇಲೆ ಒಂದು ಮಾತೂ ಆಡದೆ ಎತ್ತಿಕೊಂಡು ಹೋದಳು. ಸಿಟ್ಟಿನಿಂದ ಮುಖ ಕೆಂಪೇರಿ ಅವರು ಎದ್ದು ಸುಲೋಚನಾರ ಬಳಿಗೆ ನಡೆದೇ ಬಂದರು.

“ನನಗ ಹಂಗ ಏಳಾಕ ಬರೂದಿಲ್ರಿ,” ಎಂದರು ಸುಲೋಚನಾ.

ಗಲಗಲಿ ಅವರ ಕುರ್ಚಿಯ ತಡೆಗಣ್ಣನ್ನು ಬಿಚ್ಚಿದರು. ಆದರೆ ಓಡಿಸಲು ಕಲಿಸುವವರು ಊರಿನಲ್ಲಿ ಉಳಿದಿರಲಿಲ್ಲ. ಭಾನುವಾರಗಳಲ್ಲಿ ನ್ಯಾಯಾಲಯದ ಖಾಲಿ ಅಂಗಳದಲ್ಲಿ ವಿಜ್ಞಾನಿಯೇ ದಾರಿಹೋಕನಾಗಿ ಅಡ್ಡಾಡಿದರು. ಹೂಕುಂಡಗಳು ಒಡೆದವು. ಅವರ ಕಾಲ್ಬೆರಳ ಉಗುರು ಕಪ್ಪಾಯಿತು. ತಿರುವಿಗೆ ಮುಂಚೆ ವೇಗ ತಗ್ಗಿಸುವುದು, ಹಿಂದೆ ಸರಿಯುವ ಮೊದಲು ತಿರುಗಿ ನೋಡುವುದು, ಇಳಿಜಾರಿಗೆ ನೇರವಾಗಿ ಬರುವುದು ಇವೆಲ್ಲ ಸುಲೋಚನಾರ ಕೈಗೆ ನಿಧಾನವಾಗಿ ಹತ್ತಿದವು.

ರುದ್ರವ್ವನ ದಾವೆಯನ್ನು ಮತ್ತೆ ತೆರೆಯಬೇಕೆಂಬ ಅರ್ಜಿಯ ವಿಚಾರಣೆಯ ದಿನ ಮೊಗಸಾಲೆ ಅಷ್ಟೇ ತುಂಬಿತ್ತು. ಕಡತಗಳನ್ನು ಅವುಚಿಕೊಂಡ ತರುಣ ವಕೀಲನೊಬ್ಬ ಎಂದಿನಂತೆ ಅಡ್ಡ ಬಂದ. ಸುಲೋಚನಾ ಮೊದಲೇ ವೇಗ ಇಳಿಸಿದ್ದರು, ಆದರೆ ನಿಲ್ಲಲಿಲ್ಲ.

“ಇದಕ್ಕ ತಡೆಗಣ್ಣಿಲ್ಲ ತಮ್ಮಾ. ನಾನ ಓಡಸ್ತೀನಿ.”

ಅವನು ಬೆಚ್ಚಿ ತಲೆ ಎತ್ತಿದ. ಕುರ್ಚಿ ಯಾವ ಕಡೆ ತಿರುಗುವುದೆಂದು ತಿಳಿಯಲು ಈಗ ಒಂದೇ ದಾರಿಯಿತ್ತು. ಅವನು ಅವರ ಕಣ್ಣುಗಳನ್ನೇ ನೋಡಿದ.

“ಯಾ ಕಡೆ ಹೊಂಟೀರಿ, ಮೇಡಂ?”

ಈ ಕುರ್ಚಿಗೆ ಬಂದಂದಿನಿಂದ ಅವರನ್ನು ಹಾಗೆ ಕೇಳಿದವರು ಯಾರೂ ಇರಲಿಲ್ಲ.

“ಬಲಕ್ಕ,” ಎಂದರು ಸುಲೋಚನಾ. ಅವನು ಅವರ ಎಡಕ್ಕೆ ಸರಿದ.