ವರದಿಯಲ್ಲಿಲ್ಲದ ಚಪ್ಪಲಿ ಅಂಗಡಿ

"ಮಾಲೀಕರು ಇಲ್ವಾ?" ಬಾಗಿಲಲ್ಲಿ ನಿಂತವನು ಕೇಳಿದ.

ಅವಳು ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದಳು. "ಇದ್ದಾರಲ್ಲ. ನಿಮ್ಮನ್ನೇ ನೋಡ್ತಿದಾರೆ."

ಅವನ ಕಿವಿ ಕೆಂಪಾಯಿತು.

ಅವನು ವಿಶ್ವವಿದ್ಯಾಲಯದ ಸಂಶೋಧಕ. ಉದ್ಯಮಿ ಎಂದರೆ ಸೂಟು ತೊಟ್ಟ ಗಂಡಸೇ ಎಂದು ನಂಬಿದ್ದ ಪುಸ್ತಕಗಳಿಗೆ, ಬಿಟ್ಟುಹೋದವರನ್ನು ಸೇರಿಸಲು ಹೊರಟಿದ್ದ. ಮೊದಲ ಬಾಗಿಲಲ್ಲೇ ತಾನೂ ಎಡವಿದ್ದ!

ಅವಳ ಒಂದು ಕಾಲು ಹುಟ್ಟಿನಿಂದಲೇ ಗಿಡ್ಡ. ಎರಡು ಪಾದಕ್ಕೆ ಎರಡು ಅಳತೆ ಬೇಕಾದವರಿಗೆ ಚಪ್ಪಲಿ ಮಾಡಿಕೊಡುವುದು ಅವಳ ಉದ್ಯಮ. ಕೈಕೆಳಗೆ ನಾಲ್ವರು ಹೆಂಗಸರು.

ನಾಲ್ಕು ತಿಂಗಳು ಬಂದ. ಪ್ರಶ್ನೆಗಳು ಮುಗಿದ ಮೇಲೂ ಬಂದ. ಅಟ್ಟೆಗೆ ಅಂಟು ಹಚ್ಚಲು ಹೋಗಿ ಬೆರಳೇ ಅಂಟಿಸಿಕೊಂಡ. ಓದಿದವರ ಕೈ ಓದಿಗಷ್ಟೇ ಎಂದು ಅವಳ ಚಿಕ್ಕಮ್ಮ ಛೇಡಿಸಿದರೂ ಅವನಿಗೆ ಕೇಳಿಸಲಿಲ್ಲ. ಗಿರಾಕಿಯ ಪಾದಕ್ಕೆ ತಕ್ಕಂತೆ ಮರದ ಅಚ್ಚು ಕೆತ್ತುವ ಅವಳ ಕೈಯನ್ನೇ ನೋಡುತ್ತಿದ್ದ.

ಅಂಚೆಯಲ್ಲಿ ಅವನ ವರದಿ ಬಂತು. ಅದರಲ್ಲಿ ಕಣ್ಣು ಕಾಣದ ಬೇಕರಿಯವರಿದ್ದರು. ಪರದೇಶದಿಂದ ಬಂದು ನೆಲೆಸಿದ ದರ್ಜಿಯಿದ್ದ. ಎಪ್ಪತ್ತರ ಅಜ್ಜಿಯ ಕ್ಷೌರದಂಗಡಿಯೂ ಇತ್ತು.

ಅವಳಿರಲಿಲ್ಲ.

ಬಿಟ್ಟುಹೋದವರ ಪಟ್ಟಿಯಲ್ಲೂ ನಾನು ಬಿಟ್ಟುಹೋದೆನಾ...

ಸಂಜೆ ಅವನು ಬಂದಾಗ ಅವಳು ದನಿ ಎತ್ತಲಿಲ್ಲ. ಎಲ್ಲರೂ ಮೊದಲು ನನ್ನ ಕಾಲು ನೋಡುತ್ತಾರೆ, ನೀವು ಕೆಲಸ ನೋಡಿದಿರೆಂದೇ ಎಲ್ಲ ಹೇಳಿಕೊಂಡೆ ಎಂದಳು.

"ನನ್ನ ಅಂಗಡಿ ಲೆಕ್ಕಕ್ಕೆ ಬರಲಿಲ್ವಾ?"

ಅವನು ಒಂದು ಪತ್ರ ಮುಂದಿಟ್ಟ. ತನ್ನ ಪ್ರೊಫೆಸರಿಗೆ ತಾನೇ ಬರೆದದ್ದು: ಈ ಅಂಗಡಿಯ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಬರೆಯಲಾರೆ, ಬೇರೆಯವರನ್ನು ಕಳಿಸಿ. ಪ್ರೊಫೆಸರ್ ಒಪ್ಪಿದ್ದರು. ಸೋಮವಾರ ಅವನ ಸಹೋದ್ಯೋಗಿ ಬಂದು ಎಲ್ಲವನ್ನೂ ಹೊಸದಾಗಿ ಕೇಳುತ್ತಾರೆ. ಎರಡನೇ ಸಂಪುಟದಲ್ಲಿ ಅವಳಿಗೆಂದೇ ಒಂದು ಅಧ್ಯಾಯವಿರುತ್ತದೆ.

"ನಿಮಗೆ ಯಾಕೆ ಬರೆಯೋಕಾಗಲ್ಲ?"

"ನಿಮ್ಮಲ್ಲಿ ಒಂದು ತಪ್ಪು ಹುಡುಕೋಣ ಅಂತ ಎರಡು ವಾರ ಕೂತೆ. ಸಿಗಲಿಲ್ಲ. ಪ್ರೀತಿಸೋನ ಸಾಕ್ಷಿ ಸಂಶೋಧನೆಗೆ ನಡೆಯಲ್ಲ."

ಅವಳು ಪತ್ರವನ್ನು ಮೆಲ್ಲಗೆ ಮಡಿಸಿದಳು. ಆದರೂ ಬಿಡಲಿಲ್ಲ. "ಅದನ್ನ ಮೊದಲು ನನ್ನ ಹತ್ರ ಹೇಳ್ಬೇಕಿತ್ತು, ಪ್ರೊಫೆಸರ್ ಹತ್ರ ಅಲ್ಲ."

ತಪ್ಪಾಯಿತೆಂದು ಅವನು ತಲೆ ತಗ್ಗಿಸಿದ. ಪತ್ರ ಬರೆಯುವಷ್ಟಿದ್ದ ಧೈರ್ಯ ಈ ಬೀದಿಗೆ ತಿರುಗುತ್ತಲೇ ಉಡುಗಿಹೋಗುತ್ತಿತ್ತಂತೆ.

ಅವಳು ಪತ್ರವನ್ನು ಅವನ ಕಡೆಗೆ ಸರಿಸಿದಳು.

"ತಪ್ಪು ಒಂದೂ ಸಿಗಲಿಲ್ವಾ?"

"ಇಲ್ಲ."

"ಗಿರಾಕಿ ಜೊತೆ ಜಗಳ ಆಡ್ತೀನಿ. ಕೋಪ ಬಂದ್ರೆ ಮೂರು ದಿನ ಮಾತು ಬಿಡ್ತೀನಿ. ಸೋಮವಾರ ಬರೋರಿಗೆ ಎಲ್ಲಾ ಹೇಳ್ತೀನಿ."

"ಮತ್ತೆ ನನಗೆ?"

"ನಿಮಗೆ ಹೇಳೋದೇನು... ಜೊತೇಲಿದ್ದು ನೋಡ್ಕೊಳ್ಳಿ."